ಒಂದು ತೋಟೆ ಅಷ್ಟೇ ಅಲ್ವಾ ಅನ್ನೋರಿಗೆ

ಮಂಡಿಯಲ್ಲಿ ಕೂತಾಗ, ಸೊಸೈಟಿ ಮುಂದೆ ಗೊಬ್ಬರಕ್ಕೆ ನಿಂತಾಗ, ಈಚೆಗೆ ಒಂದೇ ಮಾತು ಕೇಳಿ ಕೇಳಿ ಸಾಕಾಗಿದೆ. "ವಿಮಾನ ನಿಲ್ದಾಣದೋರದ್ದು ಅತಿಯಾಯ್ತು ಮಾರಾಯ್ರೆ. ಚೀಲದಲ್ಲಿ ಒಂದು ತೋಟೆ ಸಿಕ್ಕಿದ್ದಕ್ಕೆ ಕೇಸಾ? ನಾವೇನು ಭಯೋತ್ಪಾದಕರಾ? ಅವರಿಗೆ ಹಂದಿ ಕಾಟ ಏನಂತ ಗೊತ್ತಿದೆಯಾ?" ಹೇಳೋರೆಲ್ಲ ನನಗೆ ಬೇಕಾದವರೇ. ಆದ್ರೂ ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ ಅಲ್ಲ. ಕೋವಿ ವಿಷಯದಲ್ಲಿ ವಿಮಾನದೋರ ನಿಯಮ ಸರಿ ಇದೆ. ಸರಿ ಇಲ್ಲದೇ ಇರೋದು ನಮ್ಮ ಸೀಮೆಯ ಅಭ್ಯಾಸ. ಸಿಟ್ಟು ಬಂದ್ರೆ ಬರಲಿ, ಪೂರ್ತಿ ಓದಿ ಆಮೇಲೆ ಬಯ್ಯಿರಿ.

ಮೊದಲೇ ಹೇಳಿಬಿಡ್ತೀನಿ, ತೋಟೆ ಅಂದ್ರೆ ಕೋವಿಯ ತೋಟೆ. ಅಡಿಕೆ ತೋಟ ಅಂತ ಓದಿಕೊಂಡು ಕೊನೆಗೆ ಕೊಳೆರೋಗದ ಔಷಧಿ ಕೇಳಬೇಡಿ.

ಎಲ್ಲರ ಬಾಯಲ್ಲಿರೋ ಘಟನೆ ಗೊತ್ತಿದ್ದವರಿಗೆ ಗೊತ್ತು. ಹೆಸರು, ಊರು, ಯಾವ ನಿಲ್ದಾಣ ಅನ್ನೋದೆಲ್ಲ ಇಲ್ಲಿ ಬೇಡ, ಆ ಮನೆಯವರು ಬೇಕಾದಷ್ಟು ಅನುಭವಿಸಿದಾರೆ. ಅಪ್ಪ ರಾತ್ರಿ ಗದ್ದೆ ಕಾಯೋಕೆ ಅಟ್ಟಣಿಗೆಗೆ ಹೋಗ್ವಾಗ ಬ್ಯಾಟರಿ, ಎಲೆಅಡಿಕೆ ಸಂಚಿ, ನಾಲ್ಕು ತೋಟೆ ಹಾಕ್ಕೊಂಡು ಹೋಗೋ ಹಳೇ ಬೆನ್ನುಚೀಲ. ಮಗಳಿಗೆ ಹೊರಗಿನ ಊರಲ್ಲಿ ಕೆಲಸದ ಸಂದರ್ಶನ. ಅವಳ ಬ್ಯಾಗಿನ ಜಿಪ್ ಕಿತ್ತುಹೋಗಿತ್ತು, ಈ ಚೀಲ ತೊಳೆದು ಒಣಗಿಸಿ ತಗೊಂಡು ಹೋದಳು. ಒಳಗಿನ ಅಸ್ತರಿ ಹರಿದು ಅದರ ಸಂದಿಗೆ ಒಂದು ಹನ್ನೆರಡು ಬೋರಿನ ತೋಟೆ ಇಳಿದಿತ್ತು. ತೊಳೆದಾಗಲೂ ಸಿಕ್ಕಿಲ್ಲ. ಒಂದು ತೋಟೆ ಅಂದ್ರೆ ನಲವತ್ತೈದು ಐವತ್ತು ಗ್ರಾಂ, ಬೆರಳುದ್ದದ ವಸ್ತು, ಚೀಲ ಎತ್ತಿದ್ರೆ ಗೊತ್ತಾಗೋದಾದ್ರೂ ಹೇಗೆ? ಎಕ್ಸ್‌ರೇ ಯಂತ್ರಕ್ಕೆ ಗೊತ್ತಾಗ್ತದೆ. ಹಿಂದಿನ ಹಿತ್ತಾಳೆ ಬಿಲ್ಲೆ, ಮುಂದೆ ಒತ್ತಾಗಿ ತುಂಬಿರೋ ಸೀಸದ ಚರೆ, ಅಷ್ಟು ದಟ್ಟ ಲೋಹ ಪರದೆ ಮೇಲೆ ಬಟ್ಟೆ ನಡುವೆ ಕಪ್ಪಗೆ ಎದ್ದು ಕಾಣ್ತದೆ. ಹುಡುಗಿಯನ್ನ ಪಕ್ಕಕ್ಕೆ ಕರೆದರು, ಪೊಲೀಸರಿಗೆ ಒಪ್ಪಿಸಿದರು. ವಿಮಾನ ಹೋಯ್ತು, ಸಂದರ್ಶನವೂ ಹೋಯ್ತು. ಅಪ್ಪ ಲೈಸೆನ್ಸ್ ಪುಸ್ತಕ ಹಿಡಕೊಂಡು ರಾತ್ರಿ ಬಸ್ಸಲ್ಲಿ ಓಡಿದ್ರು.

ಇಲ್ಲಿ ಜನ ತಪ್ಪು ತಿಳಿಯೋದು ಒಂದಿದೆ. "ಅಪ್ಪನಿಗೆ ಲೈಸೆನ್ಸ್ ಇದೆಯಲ್ಲ, ಮತ್ಯಾಕೆ ಕೇಸು?" ಅಂತ. ಲೈಸೆನ್ಸ್ ಇರೋದು ಅಪ್ಪನಿಗೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಕೋವಿಯನ್ನೂ ತೋಟೆಯನ್ನೂ ಒಟ್ಟಿಗೇ ಹಿಡೀತದೆ, ಎರಡಕ್ಕೂ ಲೈಸೆನ್ಸ್ ಬೇಕು. ಮಗಳ ಚೀಲದಲ್ಲಿ ಸಿಕ್ಕ ತೋಟೆ ಲೈಸೆನ್ಸ್ ಇಲ್ಲದವಳ ಹತ್ರ ಸಿಕ್ಕ ತೋಟೆ, ಅಷ್ಟೇ. ಇನ್ನು ಕೆಲವರು ವಕೀಲರ ಧಾಟಿಯಲ್ಲಿ ಹೇಳ್ತಾರೆ, ಗೊತ್ತಿಲ್ಲದೆ ಇದ್ದರೆ ಅಪರಾಧ ಅಲ್ಲ ಅಂತ. ಹೌದು, ಅದು ನಿಜ. 1972ರ ಗುಣವಂತಲಾಲ್ ಪ್ರಕರಣದಲ್ಲಿ, ಆಮೇಲೆ 1994ರಲ್ಲಿ ಸಂಜಯ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ವಸ್ತು ತನ್ನ ಬಳಿ ಇದೆ ಅನ್ನೋ ಅರಿವು ಇರಬೇಕು. ಈ ಆಧಾರದ ಮೇಲೆ ಚೀಲದಲ್ಲಿ ಒಂಟಿ ತೋಟೆ ಸಿಕ್ಕ ಎಷ್ಟೋ ಕೇಸನ್ನ ಹೈಕೋರ್ಟುಗಳು ರದ್ದು ಮಾಡಿವೆ. ಆದ್ರೆ ಸ್ವಾಮಿ, ರದ್ದು ಮಾಡಿಸೋಕೆ ಹೈಕೋರ್ಟಿಗೆ ಹೋಗಬೇಕಲ್ಲ! ವಕೀಲರ ಫೀಸು, ಓಡಾಟ, ಅಲ್ಲಿ ತನಕ ಪಾಸ್‌ಪೋರ್ಟಿಗೆ, ಸರ್ಕಾರಿ ನೌಕರಿಗೆ ಅರ್ಜಿ ಹಾಕಿದಾಗೆಲ್ಲ "ನಿಮ್ಮ ಮೇಲೆ ಪ್ರಕರಣ ಇದೆಯಾ" ಅನ್ನೋ ಕಾಲಂ. ಗೆದ್ದರೂ ಸೋತ ಲೆಕ್ಕವೇ. ಐವತ್ತು ಗ್ರಾಂ ತೋಟೆಗೆ ಒಂದು ವರ್ಷದ ಕೊನೆಕೊಯ್ಲಿನ ದುಡ್ಡು.

ಹಾಗಾದ್ರೆ ಒಂದು ತೋಟೆ ಸಿಕ್ಕಾಗ ಎಚ್ಚರಿಕೆ ಕೊಟ್ಟು ಬಿಡಬೇಕಿತ್ತಾ? ಎಕ್ಸ್‌ರೇ ಮುಂದೆ ಕೂತವನ ಜಾಗದಲ್ಲಿ ನಿಂತು ನೋಡಿ. ಎದುರಿಗಿರೋ ಚೀಲ ಹಂದಿ ಕಾಯೋನದ್ದೋ ಇನ್ಯಾರದ್ದೋ ಅವನಿಗೆ ಹೇಗೆ ಗೊತ್ತಾಗಬೇಕು? ಮುಖ ನೋಡಿ ಬಿಡು ಅಂದ್ರೆ ನಾಳೆ ಮುಖ ನೋಡಿ ಹಿಡಿಯೋದೂ ಶುರುವಾಗ್ತದೆ. ಆಗ ಮೊದಲು ಹಿಡಿಯೋದು ಪಂಚೆ ಉಟ್ಟು ಹವಾಯಿ ಚಪ್ಪಲಿ ಹಾಕಿದ ನಮ್ಮಂಥವರನ್ನೇ.

"ಅಮೆರಿಕದಲ್ಲಿ ನೋಡಿ, ಬಂದೂಕು ಹಿಡಕೊಂಡೇ ತಿರುಗ್ತಾರೆ" ಅಂತ ಮಗನ ಮನೆಗೆ ಹೋಗಿ ಬಂದವರೊಬ್ಬರು ಹೇಳ್ತಿದ್ರು. ಅಮೆರಿಕದ್ದೇ ಕೇಳಿ ಹಾಗಾದ್ರೆ. ಅಲ್ಲಿ ಬೇಟೆ ಕಾಲದಲ್ಲಿ ರೈಫಲ್ ತಗೊಂಡು ವಿಮಾನ ಹತ್ತೋದು ಸಾಮಾನ್ಯ, ಕಾನೂನಿನಲ್ಲಿ ಅವಕಾಶವೂ ಇದೆ. ಹೇಗೆ? ಕೋವಿ ಖಾಲಿ ಇರಬೇಕು. ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿರಬೇಕು, ಬಟ್ಟೆ ಚೀಲ ನಡೆಯಲ್ಲ. ಕೈಚೀಲದಲ್ಲಿ ಅಲ್ಲ, ವಿಮಾನದ ಹೊಟ್ಟೆಗೆ ಹೋಗೋ ಸಾಮಾನಿನಲ್ಲಿ ಕೊಡಬೇಕು. ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಬೇಕು. ಬೀಗದ ಕೀ ಮಾಲೀಕನ ಜೇಬಲ್ಲೇ. ಇಷ್ಟೇ. ಇಷ್ಟು ಸರಳ ಇದ್ದೂ 2023ರಲ್ಲಿ ಅಲ್ಲಿನ ವಿಮಾನ ಭದ್ರತೆಯವರು ತಪಾಸಣೆ ಸಾಲಿನಲ್ಲಿ ಕೈಚೀಲದಿಂದ ಹಿಡಿದ ಬಂದೂಕು 6,737. ಅದರಲ್ಲಿ ಸುಮಾರು ಶೇ. 93ರಲ್ಲಿ ಗುಂಡು ತುಂಬಿಯೇ ಇತ್ತು! ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳೋ ಮಾತು ಯಾವುದು ಅಂದ್ಕೊಂಡ್ರಿ? "ಮರೆತುಹೋಗಿತ್ತು." ನಮ್ಮೂರಿನದ್ದೇ ಮಾತು. ದಂಡ ಸಾವಿರಾರು ಡಾಲರ್. ಬಂದೂಕಿನ ಹಕ್ಕನ್ನ ಸಂವಿಧಾನದಲ್ಲೇ ಬರೆದುಕೊಂಡ ದೇಶವೂ ಮರೆತೆ ಅನ್ನೋದನ್ನ ಒಪ್ಪಲ್ಲ.

ಮರೆತೆ ಅಂದ್ರೆ ಅರ್ಥ ಏನು ಹೇಳಿ. ನನ್ನ ಹತ್ರ ಎಷ್ಟು ತೋಟೆ ಇದೆ, ಎಲ್ಲಿದೆ, ಕೋವಿಯಲ್ಲಿ ಈಡು ಇದೆಯೋ ಇಲ್ವೋ ನನಗೆ ಗೊತ್ತಿಲ್ಲ ಅಂತ. ಅದು ಕ್ಷಮೆ ಕೇಳೋ ಮಾತೇ ಅಲ್ಲ, ಕೋವಿ ಇಟ್ಟುಕೊಳ್ಳೋಕೆ ಲಾಯಕ್ಕಿಲ್ಲ ಅಂತ ನಾವೇ ಬರೆದುಕೊಟ್ಟ ಹಾಗೆ.

ಈಗ ನಮ್ಮಲ್ಲಿ ನಿಜವಾಗಿ ಕೋವಿ ತಗೊಂಡೇ ವಿಮಾನ ಹತ್ತೋರು. ಬೆರಳೆಣಿಕೆ ಜನ, ಆದ್ರೂ ಇದಾರೆ. ಟ್ರ್ಯಾಪ್ ಶೂಟಿಂಗ್ ಅಂತ ದೆಹಲಿ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿಗೆ ಹೋಗೋ ಹುಡುಗರು, ಅಪ್ಪನ ಕೋವಿ ತನ್ನ ಹೆಸರಿಗೆ ಮಾಡಿಸಿ ಬೇರೆ ಊರಿಗೆ ಒಯ್ಯೋರು. ಶಿವಮೊಗ್ಗ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆದ ಮೇಲೆ ಇನ್ನೂ ಕೆಲವರು ಕೇಳ್ತಿದಾರೆ. ಅವರಿಗೆ ನಾನು ಮೊದಲು ಹೇಳೋದು ಪೆಟ್ಟಿಗೆ ವಿಷಯ ಅಲ್ಲ, ಲೈಸೆನ್ಸ್ ಪುಸ್ತಕ ತೆರೆದು ವ್ಯಾಪ್ತಿ ಅಂತ ಬರೆದ ಜಾಗ ಓದಿ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸು ಎಷ್ಟೋ ಸಲ ಜಿಲ್ಲೆಗೆ, ಇನ್ನೂ ಕಿರಿದಾದ ಜಾಗಕ್ಕೆ ಮಾತ್ರ ಇರ್ತದೆ. ಆ ಗಡಿ ದಾಟಿದ ಮೇಲೆ ನೀವು ಲೈಸೆನ್ಸ್ ಇಲ್ಲದವರೇ. ವಿಮಾನವೂ ಬೇಡ, ಬಸ್ಸಲ್ಲಿ ಹೋದ್ರೂ ಅಷ್ಟೇ. ಕೊಡಗಿನ ನೆಂಟರು ನಮಗೆ ವಿನಾಯಿತಿ ಇದೆ ಅಂತಾರೆ. ಇದೆ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿದೆ. ಆದ್ರೆ ಅದು ಲೈಸೆನ್ಸಿನಿಂದ ವಿನಾಯಿತಿ, ವಿಮಾನದ ನಿಯಮದಿಂದ ಅಲ್ಲ. ವಿನಾಯಿತಿ ಪತ್ರ ಜೊತೆಗಿರಲಿ.

ಆಮೇಲೆ ಕೋವಿ. ಜೋಡುನಳಿಗೆ ಆದ್ರೆ ಸುಲಭ. ಮುರಿದು ನೋಡಿ, ಎರಡೂ ಗೂಡಿಗೆ ಬೆರಳು ಹಾಕಿ ನೋಡಿ. ಕಣ್ಣೊಂದೇ ನಂಬಬೇಡಿ. ಮುಂಗಟ್ಟಿಗೆ ಬಿಚ್ಚಿ, ನಳಿಗೆ ಬೇರೆ ಹಿಡಿ ಬೇರೆ ಮಾಡಿದ್ರೆ ಮೂರು ತುಂಡು, ಪೆಟ್ಟಿಗೆಯೂ ಗಿಡ್ಡ ಸಾಕು. ಕೇಪಿನ ಕೋವಿ ಹಾಗಲ್ಲ. ಕೇಪು ತೆಗೆದ್ರೆ ಖಾಲಿ ಅಂತ ತಿಳಿದೋರು ನಮ್ಮಲ್ಲಿ ಎಷ್ಟು ಜನ! ಮದ್ದು, ನಾರು, ಚರೆ ಎಲ್ಲ ಒಳಗೇ ಕೂತಿರ್ತದೆ. ಗಜ ಇಳಿಸಿ ನೋಡೋದೊಂದೇ ದಾರಿ. ಖಾಲಿ ಕೋವಿಗೆ ಗಜ ತಳಮುಟ್ಟ ಇಳಿದಾಗ ನಳಿಗೆ ಬಾಯಿಗೆ ಸರಿಯಾಗಿ ಗಜದ ಮೇಲೊಂದು ಗೆರೆ ಕೊಯ್ದಿಡಿ. ಮುಂದೆ ಯಾವಾಗ ಇಳಿಸಿದ್ರೂ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಈಡು ಇದೆ ಅಂತಲೇ. ಹಳಬರ ಗಜದಲ್ಲಿ ಈ ಗೆರೆ ಇರ್ತಿತ್ತು. ಈಗಿನವರು ಗಜಕ್ಕೆ ಬಣ್ಣ ಹೊಡೆದು ಗೋಡೆಗೆ ನೇತು ಹಾಕ್ತಾರೆ.

ಮದ್ದು, ಕೇಪು ವಿಮಾನಕ್ಕೆ ಪೂರ್ತಿ ನಿಷೇಧ, ಕೈಚೀಲದಲ್ಲೂ ಇಲ್ಲ, ಕೆಳಗಿನ ಸಾಮಾನಿನಲ್ಲೂ ಇಲ್ಲ. ಕಾರ್ಖಾನೆಯಲ್ಲಿ ಮಾಡಿದ ತೋಟೆಗೆ ಮಾತ್ರ ಅವಕಾಶ. ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳು ಒಪ್ಪಿಕೊಂಡ ಲೆಕ್ಕ ಒಬ್ಬರಿಗೆ ಒಟ್ಟು 5 ಕಿಲೋ, ನಿಮ್ಮ ವಿಮಾನದೋರು ಅದಕ್ಕಿಂತ ಕಡಿಮೆ ಇಟ್ಟಿರಬಹುದು, ಮುಂಚೆಯೇ ಫೋನ್ ಮಾಡಿ ಒಪ್ಪಿಗೆ ತಗೊಳ್ಳಿ. ತೋಟೆ ಅದರ ಡಬ್ಬಿಯಲ್ಲೇ ಅಲ್ಲಾಡದ ಹಾಗೆ ಇರಬೇಕು, ಪ್ಲಾಸ್ಟಿಕ್ ಕವರಲ್ಲಿ ಗಂಟು ಕಟ್ಟಿ ಕೊಟ್ರೆ ಆಗಲ್ಲ. ನಿಲ್ದಾಣಕ್ಕೆ ಎರಡು ಮೂರು ಗಂಟೆ ಮುಂಚೆ ಹೋಗಿ, ಬಾಗಿಲಲ್ಲಿ ನಿಂತ ಭದ್ರತಾ ಸಿಬ್ಬಂದಿಗೇ "ಲೈಸೆನ್ಸ್ ಕೋವಿ ಇದೆ, ಖಾಲಿ ಇದೆ" ಅಂತ ಹೇಳಿ. ನೀವು ಹೇಳಿದ್ರೆ ಅದು ಕಾಗದಪತ್ರದ ಕೆಲಸ. ಅವರು ಕಂಡುಹಿಡಿದ್ರೆ ಪೊಲೀಸ್ ಕೆಲಸ. ಹೊರದೇಶಕ್ಕಾದ್ರೆ ಈ ಪುರಾಣ ಸಾಲದು, ಇಳಿಯೋ ದೇಶದ ಅನುಮತಿ, ನಡುವೆ ವಿಮಾನ ಬದಲಿಸೋ ದೇಶದ ಕಾನೂನು ಎಲ್ಲ ಬರ್ತದೆ. ನನ್ನ ಸಲಹೆ ಕೇಳಿದ್ರೆ, ಬೇಡ.

ಇನ್ನು ನನ್ನ ಮುಖ್ಯ ತಕರಾರು. ಖಾಲಿ ಮಾಡು, ಬೀಗ ಹಾಕು, ತೋಟೆ ಬೇರೆ ಇಡು, ಕೀ ನಿನ್ನ ಹತ್ರ ಇಟ್ಕೋ. ವಿಮಾನಕ್ಕೆ ಅಂತ ಇದನ್ನ ಮಾಡೋಕೆ ಗೊಣಗ್ತೀರಲ್ಲ, ಮನೆಯಲ್ಲಿ ಇದರಲ್ಲಿ ಒಂದಾದ್ರೂ ನಡೀತಿದೆಯಾ? ಎಷ್ಟು ಮನೆಯಲ್ಲಿ ಕೋವಿ ನಡುಮನೆ ಬಾಗಿಲ ಹಿಂದೆ ಛತ್ರಿ ಜೊತೆ ನಿಂತಿದೆ? ತೋಟೆ ದೇವರ ಕೋಣೆ ಗೂಡಲ್ಲಿ, ಕಂಬಳಿಕೊಪ್ಪೆ ಜೇಬಲ್ಲಿ, ಜೀಪಿನ ಡ್ಯಾಶ್‌ಬೋರ್ಡಲ್ಲಿ. ಬೈಕ್ ಹಿಂದೆ ಕೂತವನ ತೊಡೆ ಮೇಲೆ ಈಡು ತುಂಬಿದ ಕೋವಿ, ಗುಂಡಿ ಬಿದ್ದ ರಸ್ತೆ. ಹಳೇ ಕೊಡತಿ ಕೋವಿಯ ಕೊಡತಿ ಎಲ್ಲಿಗಾದ್ರೂ ತಾಗಿದ್ರೆ ಸಾಕು. ಹಂದಿ ಅಂತ ತಿಳಿದು ಜೊತೆಗಾರನಿಗೇ ಹೊಡೆದ, ಬೇಲಿ ದಾಟುವಾಗ ಈಡು ಹಾರಿತು ಅನ್ನೋ ಸುದ್ದಿ ನಮ್ಮ ಜಿಲ್ಲೆ ಪುಟದಲ್ಲಿ ಓದದವರು ಯಾರಿದೀರಿ? ಆಗೆಲ್ಲ ವಿಧಿ ಅಂತೀವಿ. ವಿಮಾನ ನಿಲ್ದಾಣದಲ್ಲಿ ಯಾರಿಗೂ ಗಾಯ ಆಗದೆ ಒಂದು ತೋಟೆ ಸಿಕ್ಕಿದ್ರೆ ಅನ್ಯಾಯ ಅಂತೀವಿ.

ಇದಕ್ಕೆ ಬರೋ ಉತ್ತರ ಗೊತ್ತು. "ನೀವು ಬೀಗ ತೆಗೆಯೋ ತನಕ ಹಂದಿ ಕಾಯ್ತದಾ?" ಕಾಯಲ್ಲ. ಅದಕ್ಕೇ ಕಾಯೋಕೆ ಹೋದವನ ಕೈಯಲ್ಲಿರೋ ಕೋವಿ ಬಗ್ಗೆ ನಾನು ಮಾತಾಡ್ತಿಲ್ಲ. ಬೆಳೆ ರಕ್ಷಣೆಗೆ ಕೇಪಿನ ಕೋವಿ ಅಂತ ಕಾಯ್ದೆಯಲ್ಲೇ ಬರೆದಿದೆ, ಅದು ನಮ್ಮ ಹಕ್ಕು. ಮಾತಿರೋದು ಕೈಯಲ್ಲಿ ಇಲ್ಲದ ಹೊತ್ತಿನ ಕೋವಿ ಬಗ್ಗೆ. ದಿನದ ಇಪ್ಪತ್ತು ಗಂಟೆ ಅದು ಸುಮ್ನೆ ನಿಂತಿರ್ತದೆ, ಮನೆಯಲ್ಲಿ ರಜೆಗೆ ಬಂದ ಮೊಮ್ಮಕ್ಕಳು ಇರ್ತಾರೆ, ಕುಡಿದು ಬಂದವರು ಇರ್ತಾರೆ, ಸಾಲದ ನೋಟೀಸು ಬಂದ ದಿನ ಮನಸ್ಸು ಕೆಟ್ಟವರೂ ಇರ್ತಾರೆ. ಈ ಕೊನೆಯದರ ಬಗ್ಗೆ ಹೆಚ್ಚು ಬರೆಯೋಕೆ ಕೈ ಬರಲ್ಲ. ಅಂಥ ಹೊತ್ತಲ್ಲಿ ಒಂದು ಬೀಗ, ಎರಡು ನಿಮಿಷದ ತಡ ಎಷ್ಟು ದೊಡ್ಡದು ಅಂತ ಗೊತ್ತಿದ್ದವರಿಗೆ ಗೊತ್ತು.

ಮತ್ತೊಬ್ಬರು ಓದಿಕೊಂಡವರು ನನಗೆ ಸವಾಲು ಹಾಕಿದ್ರು. 2017ರ ಜನವರಿಯಲ್ಲಿ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ನಿಲ್ದಾಣದಲ್ಲಿ ಒಬ್ಬ ಎಲ್ಲ ನಿಯಮ ಪಾಲಿಸಿ, ಹೇಳಿ ಕೇಳಿ ಬಂದೂಕು ತಂದು, ಇಳಿದ ಮೇಲೆ ಪೆಟ್ಟಿಗೆ ಬಿಚ್ಚಿ ಐದು ಜನರನ್ನ ಕೊಂದನಲ್ಲ, ನಿಯಮ ಏನು ಮಾಡ್ತು ಅಂತ. ಸರಿಯಾದ ಪ್ರಶ್ನೆ. ಕೊಲ್ಲಲೇಬೇಕು ಅಂತ ಹೊರಟವನನ್ನ ಬೀಗ ತಡೆಯಲ್ಲ. ಅದಕ್ಕೆ ಪೊಲೀಸರು, ವೈದ್ಯರು, ಲೈಸೆನ್ಸ್ ಕೊಡೋವಾಗಿನ ವಿಚಾರಣೆ ಇವೆಲ್ಲ ಬೇಕು. ಆದ್ರೆ ನಮ್ಮ ಸೀಮೆಯಲ್ಲಿ ಕೊಲ್ಲೋಕೆ ಹೊರಟವರ ಕಾಟ ಇಲ್ಲ, ಮರೆಯೋರ ಕಾಟ. ಮರೆಯೋರಿಗೆ ಬೀಗ ಸಾಕು.

ಸರ್ಕಾರಿ ಕಡೆಯದ್ದು ಏನೂ ತಪ್ಪಿಲ್ಲ ಅಂತ ನಾನು ಹೇಳ್ತಿಲ್ಲ. ಲೈಸೆನ್ಸ್ ನವೀಕರಣಕ್ಕೆ ಹೋದ್ರೆ ಚಲನ್ ಎಲ್ಲಿ, ಜೆರಾಕ್ಸ್ ಎಲ್ಲಿ, ಫೋಟೋ ಎಲ್ಲಿ ಅಂತ ಮೂರು ದಿನ ಅಲೆಸ್ತಾರೆ. ಕೋವಿ ಎಲ್ಲಿಡ್ತೀಯ, ತೋಟೆ ಲೆಕ್ಕ ಏನು, ಪ್ರಯಾಣದಲ್ಲಿ ಹೇಗೆ ಒಯ್ಯಬೇಕು ಅಂತ ಒಂದು ಮಾತು ನನ್ನ ಹತ್ರ ಯಾರೂ ಕೇಳಿಲ್ಲ. 2016ರ ನಿಯಮಗಳಲ್ಲಿ ಸುರಕ್ಷತೆ ತರಬೇತಿ ಅಂತ ಇದೆ, ನಮ್ಮ ಕಡೆ ಅದು ಕಾಗದದಲ್ಲಿ ಮುಗೀತದೆ. ಕನ್ನಡದಲ್ಲಿ ಒಂದು ಪುಟದ ಚೀಟಿ ಅಚ್ಚು ಹಾಕಿ ಲೈಸೆನ್ಸ್ ಪುಸ್ತಕಕ್ಕೆ ಅಂಟಿಸಿ ಕೊಡೋಕೆ ಎಷ್ಟು ಖರ್ಚು? ಚುನಾವಣೆ ಬಂದ್ರೆ ಮಾತ್ರ ಎಲ್ಲರ ನೆನಪಾಗ್ತದೆ, ಕೋವಿ ಠಾಣೆಗೆ ತಂದಿಡಿ ಅಂತ. ಬೆಳೆ ನಿಂತಿರೋ ಹೊತ್ತಿಗೇ ಚುನಾವಣೆ ಬಂದ್ರೆ ಹಂದಿಗೆ ಹಬ್ಬ. ಇದರ ಬಗ್ಗೆ ಬೇಕಿದ್ರೆ ಒಟ್ಟಾಗಿ ಅರ್ಜಿ ಕೊಡೋಣ, ನಾನು ಮೊದಲ ಸಹಿ ಹಾಕ್ತೀನಿ. ಆದ್ರೆ ತೋಟೆ ಚೀಲದಲ್ಲಿ ಬಿಟ್ಟು ಕೇಸಾಯ್ತು ಅನ್ನೋ ದೂರಿಗೆ ನನ್ನ ಸಹಿ ಇಲ್ಲ.

ಕೋವಿ ಒಯ್ಯೋರಿಗಿಂತ ಹೆಚ್ಚು ಜನಕ್ಕೆ ಬೇಕಾದ ಇನ್ನೊಂದು ಮಾತು. ಮಗಳ ಬಾಣಂತನ, ಮಗನ ಮನೆ ಅಂತ ಮೂರು ಮೂರು, ಆರಾರು ತಿಂಗಳು ಅಮೆರಿಕಕ್ಕೆ ಹೋಗೋರು ಈಗ ಪ್ರತಿ ಊರಲ್ಲೂ ಇದಾರೆ. ತೋಟ ನೋಡಿಕೊಳ್ಳೋಕೆ ಒಬ್ಬನನ್ನ ಬಿಟ್ಟು, ಕೋವಿಯನ್ನೂ ಅವನ ಕೈಗೇ ಕೊಟ್ಟು ಹೋಗ್ತಾರೆ. "ನಂಬಿಕೆಯವನು." ನಂಬಿಕೆ ಇರಲಿ, ಲೈಸೆನ್ಸ್ ಇಲ್ಲವಲ್ಲ! ಅವನು ಈಡು ಹಾರಿಸಿದ್ರೂ ತಪ್ಪು, ಸುಮ್ನೆ ಇಟ್ಕೊಂಡ್ರೂ ತಪ್ಪು, ನೀವು ಕೊಟ್ಟಿದ್ದೂ ತಪ್ಪು. ಹೋಗೋ ವಾರ ಮೊದಲು ಠಾಣೆಯಲ್ಲೋ ಲೈಸೆನ್ಸ್ ಇರೋ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು, ಕೋವಿ ನಂಬರು ಮತ್ತು ತೋಟೆ ಸಂಖ್ಯೆ ಬರೆಸಿಕೊಂಡು ರಸೀದಿ ತಗೊಳ್ಳಿ. ಲೈಸೆನ್ಸ್ ಅವಧಿ ನೀವು ಅಲ್ಲಿರೋವಾಗಲೇ ಮುಗೀತದಾ ಅಂತಲೂ ನೋಡಿ. 2019ರ ತಿದ್ದುಪಡಿ ಆದ ಮೇಲೆ ಅವಧಿ ಮೂರರಿಂದ ಐದು ವರ್ಷ ಆಗಿದೆ, ಐದು ವರ್ಷ ಅಂದ್ರೆ ದಿನಾಂಕ ನೆನಪಿಂದ ಹೋಗೋದು ಖಂಡಿತ.

ಮತ್ತೆ ಗದ್ದೆ ಕಾಯೋ ಚೀಲ ಗದ್ದೆ ಕಾಯೋಕೆ ಮಾತ್ರ ಇರಲಿ. ಬೇಕಿದ್ರೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಗೀಚಿ ಇಡಿ, ಮಕ್ಕಳು ನಾಚಿಕೆಗಾದ್ರೂ ತಗೊಂಡು ಹೋಗಲ್ಲ. ಯಾವ ಚೀಲ ವಿಮಾನಕ್ಕೆ ಹೋಗ್ತದೋ ಅದನ್ನ ತಲೆಕೆಳಗು ಮಾಡಿ ಕೊಡವಿ, ಅಸ್ತರಿ ಸಂದಿ, ಹೊಲಿಗೆ ಬಿಟ್ಟ ಜಾಗ ಎಲ್ಲ ಕೈ ಆಡಿಸಿ ನೋಡಿ. ಮಳೆಕೋಟಿನ ಜೇಬೂ ಅಷ್ಟೇ. ಹೊಡೆದ ಖಾಲಿ ಕೊಳವೆ ಇದ್ರೂ ನಿಲ್ಲಿಸಿ ಕೇಳ್ತಾರೆ, ವಿಮಾನ ತಪ್ಪೋಕೆ ಅಷ್ಟು ಸಾಕು.

ಪೆಟ್ಟಿಗೆ ಮಾಡಿಸಬೇಕು ಅನ್ನೋರು ಕೇಳಿ ಹೇಳ್ತೀನಿ. ನಮ್ಮದು ಮೂವತ್ತು ಇಂಚಿನ ನಳಿಗೆ, ಒಳಗಿನ ಉದ್ದ ಮೂವತ್ತೆರಡೂವರೆ ಇಂಚು ಕೊಟ್ಟು ತಗಡಿನ ಪೆಟ್ಟಿಗೆ ಮಾಡಿಸಿದೀನಿ, ಎರಡು ಕೊಂಡಿ, ಒಳಗೆ ಹಳೇ ಕಂಬಳಿ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ರೆ ಮನೆಗೂ ಅದೇ ಆಗ್ತದೆ. ಕಂಬಳಿ ಮಳೆಗಾಲದಲ್ಲಿ ತೇವ ಹಿಡೀತದೆ, ನಳಿಗೆಗೆ ಎಣ್ಣೆ ಹಚ್ಚಿ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಬೇಕು, ಇಲ್ಲಾಂದ್ರೆ ತುಕ್ಕು.